ಕಣ್ಣೊಳಗೆ ನಿಂತವನು

೪ ಜೂನ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಆಕಳಿಸುತ್ತಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ಚಪ್ಪಲಿ ಹುಡುಕುತ್ತಿರುವ ಮಹಿಳೆಯರೇ,

ಕಿರುತೆರೆಯ ನೂತನ ತಾರೆ, ಅಂದರೆ ನನ್ನ ಹೆಂಡತಿ, ಮೊದಲ ಬಾರಿಗೆ ಟೀವಿಯಲ್ಲಿ ಕಾಣಿಸಿಕೊಂಡ ಬಗ್ಗೆ ನಾಲ್ಕು ಮಾತಾಡಲು ನಾವಿಲ್ಲಿ ನೆರೆದಿದ್ದೇವೆ. ಹಾಜರಿದ್ದ ಸಭಿಕರು ಇಬ್ಬರು, ನಾನು ಮತ್ತು ಅಮ್ಮ. ಫೋನು ಮಾಡಿದರೆ ಎರಡನೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ, ಕಾಗದವಾದರೆ ಅಂಚೆಗೆ ಹಾಕುವಷ್ಟರಲ್ಲಿ ಸಿಟ್ಟು ಆರಿರುತ್ತದೆ ಎಂದು ನೀನೇ ಕಾನೂನು ಮಾಡಿ ಹೋದದ್ದರಿಂದ, ಇಗೋ ಕಾಗದ.

ಕಥೆಯಲ್ಲಿ ನೀನು ದೊಡ್ಡ ಮನೆಯ ಹಿರಿಸೊಸೆ, ಗಂಡ ಪರದೇಶದಲ್ಲಿ. ಒಪ್ಪಿದೆ. ಆದರೆ ನೀನು ಬಾಗಿಲ ಪಕ್ಕ ನಿಂತ ಭಂಗಿ ನೋಡಿ ಅಮ್ಮ, ‘ಇವಳ್ಯಾಕೋ ಬಾಗಿಲು ರಿಪೇರಿಗೆ ಬಂದವಳ ಹಾಗೆ ನಿಂತಿದಾಳಲ್ಲೋ’ ಅಂದಳು. ನಾನು, ‘ಇಲ್ಲಮ್ಮ, ಅವಳೇ ಬಾಗಿಲು’ ಅಂದೆ. ಅಳಬೇಕಾದ ಕಡೆ ನೀನು ಶಾಲೆಯಲ್ಲಿ ಹಾಜರಿ ಕರೆಯುವಾಗಿನ ಮುಖ ಮಾಡಿದ್ದೆ. ದಿನವಿಡೀ ಗಿರಾಕಿಗಳ ಕಣ್ಣೊಳಗೆ ಇಣುಕಿ ಬದುಕುವ ಕನ್ನಡಕದ ಅಂಗಡಿಯವನು ನಾನು. ಆ ಕಣ್ಣಲ್ಲಿ ಅಳು ಹಾಗಿರಲಿ, ಕಸ ಬಿದ್ದ ಲಕ್ಷಣವೂ ಇರಲಿಲ್ಲ.

ಬೇಜಾರಾಗಬೇಡ. ಮೂರು ತಿಂಗಳ ರಜೆ ತಾನೇ? ಮುಗಿಸಿ ಬಾ. ಮಕ್ಕಳು ಕಾಯುತ್ತಿದ್ದಾರೆ ಎಂದು ನಿಮ್ಮ ಹೆಡ್‌ಮೇಡಂ ಅಂಗಡಿಗೇ ಬಂದು ಹೇಳಿ, ಹಳೆ ಫ್ರೇಮಿಗೆ ಪುಕ್ಕಟೆ ಸ್ಕ್ರೂ ಹಾಕಿಸಿಕೊಂಡು ಹೋದರು.

ಬರಲಿ ಬೇಗ ರಜೆಯ ಕೊನೆ,
ಬಿಕೋ ಎನ್ನುತ್ತಿದೆ ಮನೆ.

(ಎರಡನೇ ಸಾಲು ಪ್ರಾಸಕ್ಕಾಗಿ ಬಂದದ್ದು. ತಪ್ಪು ತಿಳಿಯಬೇಡ.)

ಇಂತಿ,
ಸಭೆಯ ಪರವಾಗಿ,
ನಿನ್ನ ಕನ್ನಡಕದವನು

---

೧೫ ಜೂನ್

ರೀ,

ಅಧ್ಯಕ್ಷರಿಗೆ ನಮಸ್ಕಾರ. ಬಾಗಿಲು ಬರೆಯುತ್ತಿದ್ದೇನೆ.

ನೀವು ಹೇಳಿದ್ದನ್ನೇ ನಿರ್ದೇಶಕರು ಎಲ್ಲರೆದುರು ಹೇಳಿದರು: ‘ಮೇಡಂ, ಡೈಲಾಗ್ ಚೆನ್ನಾಗೇ ಹೇಳ್ತೀರ. ಕಣ್ಣಲ್ಲಿ ಮಾತ್ರ ಅಂಗಡಿ ಮುಚ್ಚಿದೆ.’ ಕಥೆ ಬರೆಯುವವರು ನನಗಾಗಿ ಒಂದು ಲಾರಿ ಗೊತ್ತು ಮಾಡಿದ್ದಾರಂತೆ. ಜುಲೈ ಕೊನೆಗೆ ರಸ್ತೆ ದಾಟುವಾಗ ಹಿರಿಸೊಸೆ ಅದರಡಿ ಹೋಗುತ್ತಾಳೆ. ಅಲ್ಲಿಗೆ ನಿಮ್ಮ ಕಾಯುವಿಕೆಯೂ ಮುಗಿಯಿತು.

ಇಪ್ಪತ್ತು ವರ್ಷ ಭಾನುವಾರದ ನಾಟಕಗಳಲ್ಲಿ ಕುಣಿದವಳಿಗೆ ಇದೇಕೆ ಬರುತ್ತಿಲ್ಲ ಅಂತ ನನಗೂ ಹೊಟ್ಟೆಯುರಿ. ಇಲ್ಲಿ ಕೆಲಸ ಹೇಗೆ ಗೊತ್ತಾ? ಇಬ್ಬರು ಮಾತಾಡುವ ದೃಶ್ಯವಾದರೆ ಮೊದಲು ಇಬ್ಬರನ್ನೂ ಸೇರಿಸಿ ತೆಗೆಯುತ್ತಾರೆ. ಆಮೇಲೆ ಒಬ್ಬೊಬ್ಬರ ಮುಖ ಬೇರೆ ಬೇರೆ, ತೀರಾ ಹತ್ತಿರದಿಂದ. ನನ್ನ ಮುಖದ ಸರದಿ ಬಂದಾಗ ಎದುರಿನವರು ಕಾಣುವುದಿಲ್ಲವಲ್ಲ, ಟೀಗೆ ಹೋಗಿಬಿಡುತ್ತಾರೆ. ಅವರ ಮಾತನ್ನು ಸಹಾಯಕಿಯೊಬ್ಬಳು ಕ್ಯಾಮೆರಾ ಪಕ್ಕ ನಿಂತು ಓದುತ್ತಾಳೆ. ‘ನಿನ್ನ ಬಿಟ್ಟು ನಾನು ಬದುಕಲಾರೆ’ ಅನ್ನುವುದನ್ನು ಬಸ್ ನಿಲ್ದಾಣದ ‘ಪ್ರಯಾಣಿಕರ ಗಮನಕ್ಕೆ’ ಧಾಟಿಯಲ್ಲಿ. ಅದಕ್ಕೆ ನಾನು ಕರಗಬೇಕು! ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳೋಣ ಅನಿಸುತ್ತದೆ.

ಮುಂದಿನ ವಾರ ಪರದೇಶದ ಗಂಡ ಬರುತ್ತಾನೆ. ಆ ಪಾತ್ರಕ್ಕೆ ಹಿರಿಯ ನಟರೊಬ್ಬರು ಬರುತ್ತಿದ್ದಾರೆ. ಸಿಕ್ಕಿದ ಧಾರಾವಾಹಿಯಲ್ಲೆಲ್ಲ ಮಾವನ ಪಾತ್ರ ಮಾಡಿ ಮಾಡಿ ಎಲ್ಲರ ಬಾಯಲ್ಲೂ ಅವರು ‘ಮಾವ’. ಈಗ ತಲೆಗೆ ಕಪ್ಪು ಬಳಿಸಿ ಗಂಡ ಮಾಡಿದ್ದಾರೆ. ಲಾರಿಗೆ ಮುಂಚೆ ಅವರ ಜೊತೆ ನಾಲ್ಕು ದೃಶ್ಯವಾದರೂ ಸಿಕ್ಕರೆ ಸಾಕು.

ನಿಮ್ಮ ಪ್ರಾಸದ ಸಾಲನ್ನು ತಪ್ಪು ತಿಳಿಯಲಿಲ್ಲ. ಸರಿಯಾಗಿಯೂ ತಿಳಿಯಲಿಲ್ಲ. ಬಸ್ಸು ಹೊರಟ ದಿನವೂ ಅಷ್ಟೇ. ಕಿಟಕಿಯ ಕೆಳಗೆ ಕನ್ನಡಕ ಒರೆಸುತ್ತಾ ನಿಂತಿದ್ದಿರಿ. ಏನೋ ಹೇಳುತ್ತೀರಿ ಅಂತ ಕಿವಿಗೊಟ್ಟರೆ, ‘ಹೋಗಿ ಬಾ ಜಾಣೆ, ಚಾರ್ಜರ್ ತಗೊಂಡೆ ತಾನೆ?’ ಅಂದಿರಿ.

ತಗೊಂಡಿದ್ದೆ.

ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆ ಮೇಲಿನ ಕಪಾಟಿನಲ್ಲಿದೆ.

ನಿಮ್ಮವಳು

---

೩ ಜುಲೈ

ಎಲೈ ನಟೀಮಣಿ,

ಮೊನ್ನೆಯವರೆಗೆ ಹಲಗೆ,
ಈಗೆಲ್ಲಿಂದ ಬಂತು ಈ ಸಲಿಗೆ?

ಮೊನ್ನೆಯ ಕಂತು ನೋಡಿದೆ. ನಿನ್ನ ಪರದೇಶದ ಗಂಡ ಬಂದ, ಕುಡಿಯಲು ನೀರು ಕೇಳಿದ, ಮತ್ತೆ ಹೋಗಬೇಕು ಅಂದ, ಬಾಗಿಲು ದಾಟಿ ಹೋದ. ಉಳಿದದ್ದು ನಿನ್ನ ಮುಖ. ಮಾತಿಲ್ಲ. ತಬಲ, ಪಿಟೀಲು ಏನೂ ಇಲ್ಲ. ನೀನು ಬರೀ ನೋಡಿದೆ. ಯಾರೋ ಹೇಳದೆ ಉಳಿಸಿದ ಮಾತನ್ನು ನೀನು ಅಲ್ಲೇ ನಿಂತು ಓದಿಕೊಳ್ಳುತ್ತಿದ್ದ ಹಾಗೆ.

ಪಕ್ಕಕ್ಕೆ ತಿರುಗಿದರೆ ಅಮ್ಮ ಅಳುತ್ತಿದ್ದಾಳೆ. ‘ಏನಮ್ಮ ಇದು?’ ಅಂದೆ. ‘ಶ್! ಆ ಹೆಣ್ಣುಮಗಳು ನೋಡ್ತಿದಾಳೆ ಸುಮ್ನಿರು’ ಅಂದಳು. ಸ್ವಂತ ಸೊಸೆ ಅನ್ನುವುದೇ ಮರೆತುಹೋಗಿದೆ.

ಬೆಳಗ್ಗೆ ಅಂಗಡಿ ತೆರೆದರೆ ಮೂಲೆಮನೆ ಟೈಲರ್ ಹಾಜರ್. ‘ಏನ್ ಸಾರ್, ನಿಮ್ಮ ಮನೆಯವರು ಆ ಮನುಷ್ಯನ್ನ ನೋಡೋ ನೋಟ! ನನ್ನ ಹೆಂಡತಿ ಒಂದೇ ಒಂದು ಸಲ ನನ್ನನ್ನ ಹಾಗೆ ನೋಡಿದ್ರೆ, ಸೂಜಿ ನೂಲು ಎಲ್ಲಾ ಅವಳ ಹೆಸರಿಗೆ ಬರೆದುಬಿಡ್ತಿದ್ದೆ.’ ‘ನನ್ನ ಹೆಂಡತಿಯೂ ನೋಡಿಲ್ಲ’ ಎಂದು ಬಾಯಿಗೆ ಬಂತು. ಅದರ ಬದಲು ಅವನ ಎಡಗಣ್ಣಿನ ಪವರನ್ನು ಬಲಗಣ್ಣಿಗೆ ಬರೆದುಬಿಟ್ಟೆ.

ನನ್ನದೊಂದು ಸಣ್ಣ ಪ್ರಶ್ನೆ. ಕಥೆಯ ಪ್ರಕಾರ ಅವನು ಹೋಗಿಯಾಗಿತ್ತು. ನೀನೇ ಹೇಳಿದ ಪ್ರಕಾರ, ನಿನ್ನ ಮುಖ ತೆಗೆಯುವಾಗ ಎದುರಿನವರು ಟೀಗೆ ಹೋಗಿರುತ್ತಾರೆ. ಹಾಗಿದ್ದರೆ ನೀನು ಯಾರನ್ನು ನೋಡುತ್ತಿದ್ದೆ? ಸಹಾಯಕಿಯನ್ನೇ?

ಸುಮ್ಮನೆ ಕೇಳಿದೆ. ಕಸುಬಿನ ಕುತೂಹಲ.

ಇಂತಿ,
ತೆರೆಯ ಮೇಲೆ ನಿನ್ನ ಪತಿ,
ತೆರೆಯ ಹೊರಗೆ ನನ್ನ ಗತಿ

---

೧೦ ಜುಲೈ

ರೀ,

ಲಾರಿ ಮುಂದಕ್ಕೆ ಹೋಗಿದೆ! ನಿರ್ದೇಶಕರು, ‘ಮೇಡಂ, ಅಂಗಡಿ ಓಪನ್ ಆಗಿದೆ, ವ್ಯಾಪಾರ ನಡೀಲಿ’ ಅಂದರು. ನನಗೆ ಕುಣಿಯುವಷ್ಟು ಖುಷಿ. ಸೆಟ್ಟಿನ ಮೆಟ್ಟಿಲು ಹತ್ತಿ ಕುಣಿಯೋಣ ಅಂದರೆ ಅದು ಆರು ಮೆಟ್ಟಿಲಾದ ಮೇಲೆ ನಿಂತುಹೋಗುತ್ತದೆ, ಮಹಡಿಯೇ ಇಲ್ಲ. ಅಡುಗೆಮನೆಗೆ ಮೂರೇ ಗೋಡೆ.

ನಿಮ್ಮ ಪ್ರಶ್ನೆಗೆ ಉತ್ತರ: ಮಾವ ಟೀಗೆ ಹೋಗುವುದಿಲ್ಲ.

ಇದು ನನಗೂ ಹೊಸದು. ನನ್ನ ಮುಖ ತೆಗೆಯುವಾಗ ಅವರು ಕ್ಯಾಮೆರಾದ ಪಕ್ಕ, ಲೈಟಿನ ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತಾರೆ. ತಮ್ಮ ಮುಖ ತೆಗೆಯುವಾಗ ಹೇಳಿದ್ದಕ್ಕಿಂತ ಚೆನ್ನಾಗಿ ಮಾತು ಹೇಳುತ್ತಾರೆ. ಯಾರಿಗೂ ಕಾಣದ ಕೆಲಸ. ಇಬ್ಬರೂ ಇರುವ ದೃಶ್ಯದಲ್ಲಿ ಮಾತಿನ ನಡುವೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರತ್ತ ನೋಡಲು ನಾನು ತಿರುಗಿದರೆ ನನ್ನ ಮುಖ ಪೂರ್ತಿ ಕ್ಯಾಮೆರಾಕ್ಕೆ, ಅವರದು ಬೆನ್ನು. ನಿರ್ದೇಶಕರು ಕೂಗುತ್ತಾರೆ, ‘ಮಾವಾ, ಬೆನ್ನು ಬರ್ತಿದೆ!’ ಅವರು, ‘ಬರ್ಲಿ ಬಿಡಪ್ಪ, ಅದೂ ಇಷ್ಟು ವರ್ಷದಿಂದ ನನ್ನ ಜೊತೇಲೇ ದುಡೀತಿದೆ.’

ಪ್ರತಿ ಸಲ ಏನಾದರೊಂದು ಬದಲಿಸುತ್ತಾರೆ. ಮೊದಲ ಸಲ ನೀರಿನ ಲೋಟ ಇಸಿದುಕೊಂಡರು. ಎರಡನೇ ಸಲ ಕೈಯೇ ಚಾಚಲಿಲ್ಲ. ನಾನು ಲೋಟ ಹಿಡಿದು ಪೆದ್ದಿಯ ಹಾಗೆ ನಿಂತೆ. ನೀವು ಮೊನ್ನೆ ನೋಡಿದ್ದು ಆ ಪೆದ್ದಿಯನ್ನೇ. ನಟಿಸುವುದು ಮರೆತುಹೋಗಿತ್ತು. ಒಂದು ಸಲ ನಾನು ಮಾತು ಮರೆತೆ. ಕಟ್ ಅನ್ನುವ ಮುಂಚೆ ಮಾವ ಕೆಮ್ಮಿ, ‘ಸಾರಿ ಸಾರಿ, ನನ್ನದೇ ತಪ್ಪು’ ಅಂದುಬಿಟ್ಟರು.

ಇನ್ನು ಆ ಕೊನೆಯ ನೋಟ. ಆಗ ಅವರು ಎದುರು ನಿಂತು ಏನೋ ಒಂದು ಮಾಡುತ್ತಾರೆ. ಏನು ಅಂತ ನಿಮಗೆ ಹೇಳುವುದಿಲ್ಲ. ಹೇಳಿದರೆ ಕೆಡುತ್ತದೆ.

ಟೈಲರಿನ ಕಣ್ಣು ಸರಿಮಾಡಿಕೊಡಿ, ಪಾಪ.

ನಿಮ್ಮವಳು

---

೨೩ ಜುಲೈ

ಶ್ರೀಮತಿಯವರಿಗೆ,

‘ಹೇಳಿದರೆ ಕೆಡುತ್ತದೆ.’ ಈ ಒಂದು ಸಾಲನ್ನು ಹತ್ತು ದಿನ ಚೀಪಿದ್ದೇನೆ. ಹುಳಿಯೂ ಅಲ್ಲ, ಕಹಿಯೂ ಅಲ್ಲ. ಹಲ್ಲಿಗೆ ಮಾತ್ರ ಸಿಕ್ಕಿಕೊಂಡಿದೆ. ಹೇಳಿದರೆ ಕೆಡುವಂಥದ್ದು ಹೇಳದಿದ್ದರೆ ನೆಟ್ಟಗಿರುತ್ತದೆಯೇ?

ನೀನು ಹೇಳದಿದ್ದರೇನು, ನನ್ನ ಕಸುಬು ನನ್ನ ಕೈಬಿಡಲಿಲ್ಲ. ಮೊನ್ನೆಯ ಕಂತಿನಲ್ಲಿ ನಿನ್ನ ಕಣ್ಣೇ ಟೀವಿ ತುಂಬ ಬಂತಲ್ಲ, ಅಲ್ಲಿಗೇ ನಿಲ್ಲಿಸಿದೆ. ಅಂಗಡಿಯ ದೊಡ್ಡ ಭೂತಗನ್ನಡಿ ತಂದು ಮಂಡಿಯೂರಿ ಕೂತೆ. ಅಮ್ಮ, ‘ಟೀವಿ ಒಳಗೆ ಹೋಗಿಬಿಡ್ತೀಯೇನೋ?’ ಅಂದಳು.

ಕಣ್ಣಿನ ಕಪ್ಪು ಬೊಟ್ಟು ಸಣ್ಣ ಕನ್ನಡಿ. ಎದುರಿಗಿರುವುದೆಲ್ಲ ಅದರಲ್ಲಿ ಬೀಳುತ್ತದೆ. ಎರಡು ಬಿಳಿ ಚೌಕ ಕಂಡವು, ಲೈಟುಗಳು. ನಡುವೆ ಒಬ್ಬ ಗಂಡಸು. ಚುಕ್ಕೆ ಚುಕ್ಕೆಯಾಗಿದ್ದರೂ ಗಂಡಸೇ. ತಲೆ ಬಗ್ಗಿಸಿದ್ದಾನೆ. ಎಡಗೈಯಲ್ಲಿ ಅಂಗಿಯ ಚುಂಗನ್ನು ಸೊಂಟದಿಂದ ಮೇಲೆ ಎತ್ತಿ ಹಿಡಿದಿದ್ದಾನೆ!

ಸಭ್ಯ ಮನೆತನದ ಧಾರಾವಾಹಿಯಲ್ಲಿ, ಅಷ್ಟು ಜನರ ಮುಂದೆ, ನನ್ನ ಹೆಂಡತಿಯ ಕಣ್ಣೆದುರು ಅಂಗಿ ಎತ್ತುವಂಥ ಕೆಲಸ ಆ ಮನುಷ್ಯನಿಗೆ ಏನಿತ್ತು? ಅದನ್ನು ನೋಡಿ ನೀನು ಕರಗುವಂಥದ್ದೇನಿತ್ತು? ಯಾರಿಗಾದರೂ ಕೇಳೋಣವೆಂದರೆ ಹೇಗೆ ಕೇಳುವುದು? ಅಂಗಡಿಯಲ್ಲಿ ಗಿರಾಕಿಗೆ ‘ಮೇಲಿನ ಸಾಲು ಓದಿ’ ಅನ್ನುವ ಬದಲು ‘ಏನು ಕಾಣುತ್ತೆ, ನಿಜ ಹೇಳಿ’ ಅಂದುಬಿಟ್ಟೆ. ಆತ ಹೆದರಿ ಎದ್ದುಹೋದ.

ನಿನ್ನ ಕಾಗದಗಳೂ ಚಿಕ್ಕವಾಗುತ್ತಿವೆ. ಗಮನಿಸಿದ್ದೇನೆ.

ಅಲ್ಲಿ ನಗು, ಇಲ್ಲಿ ಬಿಗು,
ನಾನೇನು ತಿಳಿಯದ ಮಗು?

ಇಂತಿ,
ಕಂಡದ್ದನ್ನು ಕಂಡ ಹಾಗೆ ಬರೆದವನು

---

೧ ಆಗಸ್ಟ್

ರೀ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಏನೂ ಬರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ನನ್ನ ಕಣ್ಣಿಗೆ ಭೂತಗನ್ನಡಿ ಹಿಡಿದಿರಿ. ನಾನು ಮನೆಯಲ್ಲಿದ್ದಾಗ ಬರೀ ಕಣ್ಣಲ್ಲಾದರೂ ಒಂದು ಸಲ ನೋಡಿದ್ದಿರಾ?

ವಿಷಯ ಇಷ್ಟು. ಲಾರಿ ರದ್ದಾಗಿದೆ. ಇನ್ನೊಂದು ವರ್ಷಕ್ಕೆ ಒಪ್ಪಂದ ಕೊಟ್ಟಿದ್ದಾರೆ. ಈ ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು. ಹಾಕಿದರೆ ಶಾಲೆಯ ಕೆಲಸ ಬಿಡಬೇಕು, ವಾರಕ್ಕೊಮ್ಮೆ ಮಾತ್ರ ಮನೆ. ನನಗೆ ಇಷ್ಟವಿದೆ. ಈ ವಯಸ್ಸಿನಲ್ಲಿ ಬರದೇ ಇದ್ದದ್ದೊಂದು ಬರತೊಡಗಿದೆ, ಅರ್ಧಕ್ಕೆ ಬಿಟ್ಟು ಬರಲು ಮನಸ್ಸಿಲ್ಲ. ಆದರೆ ನನ್ನ ಮೇಲೆ ಗುಮಾನಿ ಇಟ್ಟುಕೊಂಡ ಮನೆಯೊಂದು ಬೆನ್ನ ಹಿಂದಿದ್ದರೆ ಆ ಕ್ಯಾಮೆರಾದ ಮುಂದೆ ನಿಲ್ಲಲು ನನ್ನಿಂದಾಗುವುದಿಲ್ಲ. ಬಾ ಅಂದರೆ ಬರುತ್ತೇನೆ. ಇರು ಅಂದರೆ ಇರುತ್ತೇನೆ.

ಏನೇ ಹೇಳಿ, ಪ್ರಾಸ ಹಾಕದೆ ಒಂದೇ ಒಂದು ವಾಕ್ಯ ಬರೆಯಿರಿ. ನಿಮ್ಮ ಕೈಲಾದರೆ.

ಅತ್ತೆಗೆ ನಮಸ್ಕಾರ ಹೇಳಿ.

---

೫ ಆಗಸ್ಟ್

ನಟಶ್ರೇಷ್ಠ ಮಾವನವರಿಗೆ, ಸ್ಟುಡಿಯೋ ವಿಳಾಸಕ್ಕೆ.

ಸ್ವಾಮಿ,

ಸಾರ್ವಜನಿಕರ ಪರವಾಗಿ, ಅದರಲ್ಲೂ ನಿಮ್ಮ ಧಾರಾವಾಹಿಯ ಹಿರಿಸೊಸೆಯ ಪಾತ್ರಧಾರಿಯನ್ನು ಅಗ್ನಿಸಾಕ್ಷಿಯಾಗಿ ಅಲ್ಲದಿದ್ದರೂ ಸರಕಾರಿ ಮೊಹರಿನ ಸಾಕ್ಷಿಯಾಗಿ ಮದುವೆಯಾಗಿರುವ ಒಬ್ಬ ಪ್ರೇಕ್ಷಕನ ಪರವಾಗಿ ಕೇಳುತ್ತಿದ್ದೇನೆ. ಅವಳ ಕಣ್ಣಿನ ಬೊಟ್ಟಿನಲ್ಲಿ ನಿಮ್ಮನ್ನು ಕಂಡಿದ್ದೇನೆ. ಕ್ಯಾಮೆರಾ ನಿಮ್ಮ ಮೇಲೆ ಇಲ್ಲದಾಗ ನೀವು ಅಂಗಿ ಎತ್ತುವುದು ಯಾತಕ್ಕೆ? ಎಲ್ಲರೂ ಟೀಗೆ ಹೋಗುವಾಗ ನೀವೊಬ್ಬರೇ ಉಳಿಯುವುದು ಯಾತಕ್ಕೆ?

ಲಿಖಿತ ಉತ್ತರ ಬೇಕು. ಕಾನೂನಿನ ಮಾತಲ್ಲ. ನನಗೆ ನೆಮ್ಮದಿಯಿಲ್ಲ.

ಇಂತಿ,
ಕನ್ನಡಕದ ಅಂಗಡಿಯವನು

---

೧೨ ಆಗಸ್ಟ್

ಕನ್ನಡಕದವರೇ,

ನಿಮ್ಮ ಕಾಗದ ಮೇಕಪ್ಪಿನವನ ಮುಂದೆ ಒಡೆದೆ. ‘ಅಂಗಿ ಎತ್ತುವುದು’ ಅನ್ನುವಲ್ಲಿ ನಕ್ಕುಬಿಟ್ಟೆ. ಅರ್ಧ ಮೀಸೆ ಕಿತ್ತುಹೋಯಿತು. ಅವನು ಇನ್ನೂ ಮಾತು ಬಿಟ್ಟಿದ್ದಾನೆ.

ನಿಮ್ಮವಳ ಎದುರು ನಿಂತ ಮೊದಲ ದಿನ ನೋಡಿದೆ. ಮಾತು ಅಚ್ಚುಕಟ್ಟು, ಕಣ್ಣು ಖಾಲಿ. ನಾನು ಅವಳಿಗೆ ನಟನೆ ಹೇಳಿಕೊಡಲಿಲ್ಲ ಸ್ವಾಮಿ, ಅದು ಅವಳಿಗೆ ಬರುತ್ತದೆ. ನೋಡಲು ಎದುರಿಗೊಬ್ಬರು ಇರಲಿಲ್ಲ, ಅಷ್ಟೇ. ಇರೋರೆಲ್ಲ ಟೀಗೆ ಹೋಗಿದ್ದರು. ನಾನು ಕೇಳಿದೆ: ‘ತಂಗಿ, ಹೊರಟವಳು ಇನ್ನೊಂದು ಗಳಿಗೆ ನಿಂತುಬಿಡೋಣ ಅಂತ ನಿನಗೆ ಯಾವಾಗ ಅನಿಸುತ್ತೆ?’ ‘ನಮ್ಮ ಮನೆಯವರು ಏನೋ ಹೇಳಕ್ಕೆ ಹೊರಟು, ಹೇಳದೇ ಇದ್ದಾಗ’ ಅಂದಳು.

‘ಹೇಗೆ ಮಾಡ್ತಾರೆ, ತೋರಿಸು’ ಅಂದೆ. ತೋರಿಸಿದಳು. ನಾನು ಮಾಡಿದೆ. ತಿದ್ದಿದಳು. ‘ಬಲಗೈ ಅಲ್ಲ ಮಾವ, ಎಡಗೈಲಿ ಅಂಗಿ ಚುಂಗು ಎತ್ತಬೇಕು. ಗಾಜು ಒರೆಸಬೇಕು, ಅದರಲ್ಲಿ ಮೊದಲೇ ಧೂಳು ಇರಬಾರದು. ಬೆಳಕಿಗೆ ಹಿಡಿದು ನೋಡಬೇಕು. ಬಾಯಿ ತೆಗೀಬೇಕು. ಆಮೇಲೆ ಕನ್ನಡಕ ಹಾಕ್ಕೊಂಡು ಏನಾದರೂ ತಮಾಷೆ ಹೇಳಿಬಿಡಬೇಕು.’ ಆ ತಮಾಷೆ ಒಂದು ಮಾತ್ರ ನನಗೆ ಬರಲಿಲ್ಲ, ಬಿಟ್ಟೆವು.

ನನಗೆ ಕನ್ನಡಕವಿಲ್ಲ. ಗಾಜಿಲ್ಲದ ಫ್ರೇಮೊಂದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಅವಳ ಮುಖ ತೆಗೆಯುವಾಗ ಕ್ಯಾಮೆರಾ ಪಕ್ಕ ನಿಂತು ಅದನ್ನು ಒರೆಸುತ್ತೇನೆ. ಉಳಿದದ್ದೆಲ್ಲ ಅವಳದು. ನೀವು ಅವಳ ಕಣ್ಣಲ್ಲಿ ಕಂಡ ಗಂಡಸು ನಾನು ಅಂತ ತಿಳಿದಿರಿ. ನಾನು ಬರೀ ವೇಷ.

ನಿಮಗೆ ಹೇಳಬಾರದು ಅಂತ ಅವಳ ಕಟ್ಟಪ್ಪಣೆ. ಗೊತ್ತಾದರೆ ನೀವು ಇನ್ನು ಜನ್ಮದಲ್ಲಿ ಹಾಗೆ ಒರೆಸುವುದಿಲ್ಲ ಅಂತ ಅವಳಿಗೆ ಭಯ. ನೆಮ್ಮದಿಯಿಲ್ಲ ಅನ್ನುವ ನಿಮ್ಮ ಕೊನೆಯ ಸಾಲು ನೋಡಿ ಅದನ್ನು ಮೀರಿ ಬರೆದಿದ್ದೇನೆ. ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಿ.

ಮಾವ

---

೧೯ ಆಗಸ್ಟ್

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಚಪ್ಪಲಿ ಸಿಕ್ಕ ಮೇಲೂ ಕುತೂಹಲಕ್ಕೆ ಕೂತಿರುವ ಮಹಾಜನಗಳೇ,

ನಟೀಮಣಿಯವರ ವಿರುದ್ಧ ಹೂಡಿದ್ದ ಸಕಲ ಆರೋಪಗಳನ್ನು ಸಾಕ್ಷ್ಯದ ಕೊರತೆಯಿಂದ ಈ ಮೂಲಕ ಕೈಬಿಡಲಾಗಿದೆ. ಕಂಡದ್ದು ಬಹುಶಃ ಟೀವಿ ಗಾಜಿನ ಮೇಲಿನ ಕಲೆ. ಅಮ್ಮ ಬಟ್ಟೆ ತಂದು ಒರೆಸಿದಳು. ಟೈಲರಿನ ಕಣ್ಣು ಸರಿಮಾಡಿಕೊಟ್ಟೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಒಪ್ಪಂದದ ವಿಚಾರದಲ್ಲಿ ಸಭೆಯು ಕೂಲಂಕಷವಾಗಿ ಚರ್ಚಿಸಿ,

ಇರುವುದಾದರೆ ಇರು ಅಲ್ಲಿ,
ನಾನು ಅಮ್ಮ ಹೇಗೋ ಇಲ್ಲಿ

ಇಲ್ಲ. ಆಗುತ್ತಿಲ್ಲ. ಈ ಕಾಗದವನ್ನು ನಾಲ್ಕು ಸಲ ಇಲ್ಲಿಯವರೆಗೆ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮಾವನವರು ನನಗೆ ಬರೆದರು. ನಾನೇ ಕೆಣಕಿ ಬರೆಸಿದ್ದು, ಅವರನ್ನು ಬೈಯಬೇಡ. ನನಗೆ ಎಲ್ಲಾ ಗೊತ್ತು. ನೀನು ಹೆದರಿದ ಹಾಗೇ ಆಗಿದೆ. ಕಾಗದ ಬಂದಾಗಿನಿಂದ ಕನ್ನಡಕ ಒರೆಸಲು ಕೈ ಹೋಗುತ್ತದೆ, ನಾಚಿಕೆಯಾಗಿ ಬಿಟ್ಟುಬಿಡುತ್ತೇನೆ. ಗಾಜು ಕೊಳೆಯಾಗಿ ಗಿರಾಕಿಗಳೆಲ್ಲ ಒಂದೇ ತರ ಕಾಣುತ್ತಿದ್ದಾರೆ.

ನಿನ್ನ ಕಣ್ಣಲ್ಲಿ ಕಂಡ ನನ್ನ ಕೈ ನನಗೇ ಗುರುತು ಸಿಗಲಿಲ್ಲ. ಅದರ ಮೇಲೆ ಭೂತಗನ್ನಡಿ ಬೇರೆ.

ಬಸ್ಸು ಹೊರಟ ದಿನ ಆ ಗಾಜಿನ ಮೇಲೆ ಧೂಳಿರಲಿಲ್ಲ. ಹೋಗಬೇಡ ಅನ್ನಬೇಕಾಗಿತ್ತು. ಆ ಮನುಷ್ಯ ಅಂಗಿ ಎತ್ತಲಿ ಬಿಡಲಿ, ನನ್ನ ಗುಮಾನಿ ಅವನ ಮೇಲಲ್ಲ. ನೀನು ಲಾರಿಗೆ ಸಿಕ್ಕಿ ಸೋತು ವಾಪಸು ಬರಲಿ ಅಂತ ದಿನಾ ಸಂಜೆ ಕಾಯುತ್ತಿದ್ದೆ. ನೀನು ಗೆಲ್ಲತೊಡಗಿದೆ. ಅದಕ್ಕೊಬ್ಬ ಕಳ್ಳ ಬೇಕಾಗಿತ್ತು ನನಗೆ.

ನೀನು ಕೇಳಿದ ಪ್ರಾಸವಿಲ್ಲದ ವಾಕ್ಯ: ನೀನಿಲ್ಲದೆ ನನಗೆ ಕಷ್ಟವಾಗುತ್ತಿದೆ, ಸಹಿ ಹಾಕು.

ನಿನ್ನ
ಗಂಡ